‘ನೈಸ್’ ಎಂಬ ಒಂದು ಪದವಿಟ್ಟು ನೋಡಿದ ಪದಮೂಲ ನಿಘಂಟು

ಇಂಗ್ಲಿಷ್ ಪದಗಳ ಹುಟ್ಟು ಮತ್ತು ಬೆಳವಣಿಗೆಯನ್ನು ತಿಳಿಸುವ ‘ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ’ಯನ್ನು ರೂಪಿಸಿದವರು ಅಮೆರಿಕದ ಡಗ್ಲಸ್ ಹಾರ್ಪರ್. ಯಾರು ಬೇಕಾದರೂ ಇದನ್ನು ಉಚಿತವಾಗಿ ಓದಬಹುದು. ಇದರ ಕಸುವನ್ನು ಅಳೆಯಲು ಕಬ್ಬಿಣದ ಕಡಲೆಯಂಥ ಪದವನ್ನು ಹುಡುಕುವ ಬದಲು, ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ‘ನೈಸ್’ ಎಂಬ ಗುಣವಾಚಕವನ್ನೇ ಆರಿಸಿಕೊಂಡೆ. ನನ್ನ ಫೋನಿನಲ್ಲಿರುವ ಇಂಗ್ಲಿಷ್–ಕನ್ನಡ ನಿಘಂಟೊಂದು ಇದಕ್ಕೆ ‘ಒಳ್ಳೆಯ, ಚೆಂದದ’ ಎಂದಷ್ಟೇ ಬರೆದು ಕೈತೊಳೆದುಕೊಂಡಿದೆ.

ಇಲ್ಲಿ ಕಂಡದ್ದು ಬೇರೆಯೇ ಕಥೆ. ಲ್ಯಾಟಿನ್ ಭಾಷೆಯಲ್ಲಿ ‘ನೆ’ ಎಂಬುದು ನಿಷೇಧಾರ್ಥಕ, ‘ಸ್ಕೀರೆ’ ಎಂದರೆ ತಿಳಿಯುವುದು; ಇವೆರಡರಿಂದ ಆದ ‘ನೆಸ್ಕಿಯುಸ್’ ಎಂದರೆ ಅರಿಯದವನು. ಅದು ಹಳೆಯ ಫ್ರೆಂಚಿನಲ್ಲಿ ಪೆದ್ದ, ದಡ್ಡ ಎಂಬ ಅರ್ಥ ಪಡೆದು 13ನೆಯ ಶತಮಾನದ ಕೊನೆಯ ವೇಳೆಗೆ ಇಂಗ್ಲಿಷನ್ನು ಸೇರಿತು. ಅಂದರೆ ಆ ಕಾಲದಲ್ಲಿ ಯಾರನ್ನಾದರೂ ನೈಸ್ ಎಂದರೆ ಅದು ಬೈಗುಳ! ಅದೇ ‘ಸ್ಕೀರೆ’ಯಿಂದಲೇ ‘ಸೈನ್ಸ್’ ಕೂಡ ಬಂದಿತೆಂಬುದು ಇನ್ನೊಂದು ತಮಾಷೆ. ಮುಂದೆ ಈ ಪದ ಅಂಜುಬುರುಕ, ಯಾವುದನ್ನೂ ಸುಲಭಕ್ಕೆ ಒಪ್ಪದ, ನಾಜೂಕಾದ ಎಂಬ ಅರ್ಥಗಳನ್ನು ದಾಟಿ, 16ನೆಯ ಶತಮಾನದಲ್ಲಿ ಕರಾರುವಾಕ್ಕಾದ ಎಂದಾಗಿ, 1769ರಲ್ಲಿ ಹಿತವಾದ ಎಂಬ ಅರ್ಥದಲ್ಲಿಯೂ 1830ರಲ್ಲಿ ದಯಾಪರವಾದ ಎಂಬ ಅರ್ಥದಲ್ಲಿಯೂ ದಾಖಲಾಗಿದೆ. ಈ ಇಸವಿಗಳು ಆಯಾ ಅರ್ಥ ಹುಟ್ಟಿದ ವರ್ಷಗಳಲ್ಲ, ಉಳಿದುಬಂದಿರುವ ಅತಿ ಹಳೆಯ ಬರಹದ ವರ್ಷಗಳು. ಮುನ್ನುಡಿಯನ್ನು ಓದದವರು ಇಲ್ಲಿ ಎಡವುವುದು ಖಂಡಿತ.

ಅನುವಾದಕರಿಗಂತೂ ಈ ನಿಘಂಟು ನಿಜಕ್ಕೂ ಉಪಕಾರಿ. ‘ಎ ನೈಸ್ ಡಿಸ್ಟಿಂಕ್ಷನ್’ ಎಂಬುದನ್ನು ‘ಒಳ್ಳೆಯ ವ್ಯತ್ಯಾಸ’ ಎಂದು ಬರೆದರೆ ಅರ್ಥವೇ ಕೆಡುತ್ತದೆ; ಅದು ‘ಸೂಕ್ಷ್ಮ ವ್ಯತ್ಯಾಸ’, ಏಕೆಂದರೆ 16ನೆಯ ಶತಮಾನದ ಅರ್ಥ ಆ ಪದಗುಚ್ಛದಲ್ಲಿ ಇನ್ನೂ ಜೀವಂತವಾಗಿದೆ. ಈ ಪದ ತನ್ನ ವೈಶಿಷ್ಟ್ಯವನ್ನೆಲ್ಲ ಕಳೆದುಕೊಂಡು ಸಪ್ಪೆಯಾಗಿದೆ ಎಂದು 1926ರಲ್ಲಿ ಇಂಗ್ಲಿಷ್ ಬಳಕೆಯ ಕೈಪಿಡಿ ಬರೆದ ಫೌಲರ್ ದೂರಿದ್ದರು. ಅದರ ಹೊಣೆಯನ್ನು ಹೆಂಗಸರ ತಲೆಗೆ ಕಟ್ಟಿದ್ದು ಮಾತ್ರ ಅನ್ಯಾಯ.

ಆದರೆ ಇಂದಿನ ಬಳಕೆಯನ್ನು ಕಲಿಯಲು ಇದೊಂದೇ ಸಾಲದು. ಪದಮೂಲವೆಂದರೆ ಪದದ ಅರ್ಥವಿವರಣೆಯಲ್ಲ ಎಂದು ನಿಘಂಟೇ ಮೊದಲಿಗೆ ಹೇಳಿಕೊಂಡಿದೆ. ಎಲ್ಲಿ ‘ನೈಸ್’, ಎಲ್ಲಿ ‘ಕೈಂಡ್’ ಎಂಬ ಗೊಂದಲಕ್ಕೆ ಬೇರೆ ನಿಘಂಟನ್ನೇ ತೆರೆಯಬೇಕು. ಇಂಗ್ಲಿಷಿನ ಗಡಿ ದಾಟಿದ ಮೇಲೆ ಪದಕ್ಕೆ ಏನಾಯಿತೆಂಬುದೂ ಇದರ ವ್ಯಾಪ್ತಿಗೆ ಸೇರಿದ್ದಲ್ಲ. ನಮ್ಮಲ್ಲಿ ಸಾಲ ಕೇಳುವವನು ‘ನೈಸ್ ಮಾಡುತ್ತಾನೆ’, ಕೊಡಬೇಕಾದವನು ‘ನೈಸಾಗಿ ಜಾರಿಕೊಳ್ಳುತ್ತಾನೆ’. ಅಡುಗೆಮನೆಯಲ್ಲಿ ಇಡ್ಲಿಯ ಹಿಟ್ಟು ತರಿತರಿಯಾಗಿದ್ದರೂ ನಡೆಯುತ್ತದೆ, ಚಟ್ನಿಯನ್ನು ಮಾತ್ರ ‘ನೈಸಾಗಿ’ ರುಬ್ಬಬೇಕು. ನಾಜೂಕು, ಸೂಕ್ಷ್ಮ ಎಂಬ ಆ ಹಳೆಯ ಅರ್ಥಕ್ಕೆ ಇದು ‘ಒಳ್ಳೆಯ’ ಎಂಬುದಕ್ಕಿಂತ ಹತ್ತಿರವಾಗಿ ನನಗೆ ಕಾಣುತ್ತದೆ.