ಪ್ರೆಗ್ನೆನ್ಸಿ ಸಪೋರ್ಟ್ ಬೆಲ್ಟ್ ರಿವ್ಯೂ: ಹೊಟ್ಟೆ ಇರೋವಾಗ ಸರಿ, ಹೆರಿಗೆ ಆದ್ಮೇಲೆ ಓಡೋಕೆ ಇದನ್ನ ನಂಬ್ಕೋಬೇಡಿ

ಮೊದ್ಲೇ ಹೇಳ್ಬಿಡ್ತೀನಿ, ಬೆಲ್ಟ್ ಒಳ್ಳೇದಿದೆ, ಆದ್ರೆ ಬಾಕ್ಸ್ ಮೇಲೆ ಬರೆದಿರೋದ್ರಲ್ಲಿ ಅರ್ಧ ನಂಬೋ ಹಾಗಿಲ್ಲ. ಬ್ರ್ಯಾಂಡ್ ಹೆಸರು ಹಾಕ್ತಿಲ್ಲ, ಯಾಕಂದ್ರೆ ಈ ಥರದ ಬೆಲ್ಟ್‌ಗಳು ಬಹುತೇಕ ಎಲ್ಲಾ ಒಂದೇ ಡಿಸೈನು, ಬಾಕ್ಸ್ ಮೇಲಿನ ಡೈಲಾಗೂ ಒಂದೇ. ಬಸುರಿ ಆಗೋಕೆ ಮುಂಚಿಂದಾನೂ ಓಡ್ತಿದ್ದವರು, ಕೊನೇ ಮೂರು ತಿಂಗಳಲ್ಲೂ ಸ್ವಲ್ಪನಾದ್ರೂ ಓಡ್ಬೇಕು ಅನ್ನೋರು, ಆಮೇಲೆ ಮಗು ಹುಟ್ಟಿದ್ಮೇಲೆ ಯಾವಾಗ ಶೂ ಹಾಕೋದು ಅಂತ ಕಾಯ್ತಿರೋರು, ಇದು ನಿಮಗೆ. ಓಟದ ಅಭ್ಯಾಸಾನೇ ಇಲ್ದೆ ಏಳನೇ ತಿಂಗಳಲ್ಲಿ ಹೊಸದಾಗಿ ಶುರು ಮಾಡೋಣ ಅಂತಿದ್ರೆ ಬೆಲ್ಟ್ ಬಿಡಿ, ಓಟಾನೂ ಬಿಡಿ, ಆರಾಮಾಗಿ ನಡೀರಿ.

ವಸ್ತು ಏನು ಅಂದ್ರೆ, ಬೆನ್ನಿನ ಕಡೆ ಅಗಲವಾದ ಗಟ್ಟಿ ಪಟ್ಟಿ, ಮುಂದೆ ಹೊಟ್ಟೆಯ ಕೆಳಗೆ ಬರೋ ಮೆತ್ತನೆ ಪಟ್ಟಿ, ಎರಡೂ ಪಕ್ಕದಿಂದ ಎಳೆದು ಅಂಟಿಸೋಕೆ ಎಲಾಸ್ಟಿಕ್ ಸ್ಟ್ರಾಪು, ಎಲ್ಲಾ ವೆಲ್ಕ್ರೋ. ಇದನ್ನ ಹೊಟ್ಟೆ ಮೇಲೆ ಕಟ್ಟೋದಲ್ಲ, ಹೊಟ್ಟೆ ಕೆಳಗೆ, ಸೊಂಟದ ಮೂಳೆ ಮೇಲೆ ಕೂರಬೇಕು, ಅದು ತುಂಬಾ ಜನಕ್ಕೆ ಗೊತ್ತಿರಲ್ಲ, ಮೇಲೆ ಕಟ್ಕೊಂಡು ಎದೆಯುರಿ ಬರತ್ತೆ ಅಂತ ಒಂದು ಸ್ಟಾರ್ ಕೊಟ್ಟಿರೋ ರಿವ್ಯೂಗಳೂ ಇವೆ. ಸರಿಯಾಗಿ ಕಟ್ಟಿದ್ರೆ ಹೊಟ್ಟೆಯ ತೂಕವನ್ನ ಕೆಳಗಿಂದ ಸ್ವಲ್ಪ ಎತ್ತಿ ಹಿಡಿಯತ್ತೆ, ಅಷ್ಟೇ ಅದರ ಕೆಲಸ. ಆ ಅಷ್ಟೇ ಅನ್ನೋದು ಕೊನೇ ತಿಂಗಳುಗಳಲ್ಲಿ ಕಮ್ಮಿ ವಿಷ್ಯ ಅಲ್ಲ ಅನ್ನಿ. ಗರ್ಭಕೋಶ ಬೆಳೀತಾ ಭಾರ ಎಲ್ಲಾ ಮುಂದಕ್ಕೆ ಬರತ್ತೆ, ಅದಕ್ಕೆ ಸರಿದೂಗಿಸೋಕೆ ಸೊಂಟ ಒಳಕ್ಕೆ ಬಾಗತ್ತೆ, ಗರ್ಭಕೋಶವನ್ನ ಎರಡೂ ಪಕ್ಕ ಹಿಡ್ಕೊಂಡಿರೋ ರೌಂಡ್ ಲಿಗಮೆಂಟ್ ಅನ್ನೋದು ಎಳೆದಂಗಾಗಿ ಪ್ರತಿ ಹೆಜ್ಜೆಗೂ ತೊಡೆಸಂದಲ್ಲಿ ಚುಳ್ ಅನ್ನತ್ತೆ. ಆ ಚುಳುಕು ನನಗೆ ಬೆಲ್ಟ್ ಹಾಕಿದಾಗ ಚೆನ್ನಾಗೇ ಕಮ್ಮಿ ಆಯ್ತು, ಸೊಂಟ ನೋವೂ ಕಮ್ಮಿ ಆಯ್ತು, ಎದ್ದು ಬಿದ್ದು ಕುಲುಕೋ ಅನುಭವ ಹೋಯ್ತು. ಮೂತ್ರಕೋಶದ ಮೇಲಿನ ಒತ್ತಡಕ್ಕೆ ಮಾತ್ರ ಏನೂ ಉಪಯೋಗ ಆಗ್ಲಿಲ್ಲ, ಟಾಯ್ಲೆಟ್ ಎಲ್ಲಿದೆ ಅಂತ ನೋಡ್ಕೊಂಡೇ ರೂಟ್ ಹಾಕ್ಬೇಕಿತ್ತು.

ಇನ್ನು ಗುಣಮಟ್ಟ. ವೆಲ್ಕ್ರೋ ಲೆಗ್ಗಿಂಗ್ಸ್‌ಗೆ ಕಚ್ಕೊಂಡು ಬಟ್ಟೆ ಹಾಳು ಮಾಡತ್ತೆ, ಒಗೆಯೋವಾಗ ವೆಲ್ಕ್ರೋ ಮುಚ್ಚಿಟ್ಟು ಕೈಯಲ್ಲೇ ಒಗೀರಿ, ಮೆಷಿನ್‌ಗೆ ಹಾಕಿದ್ರೆ ಕೂದಲು ನಾರು ಎಲ್ಲಾ ಅದರೊಳಗೆ. ಬೆವರಿಗೆ ಅಂಚಿನ ಹತ್ರ ಚರ್ಮ ಕೆಂಪಗಾಗತ್ತೆ, ಅದಕ್ಕೇ ಒಳಗೊಂದು ತೆಳು ಬನಿಯನ್ ಥರದ್ದು ಇರಲಿ. ಕೂತ್ಕೊಂಡ್ರೆ ಮೇಲಿನ ಅಂಚು ಸುರುಳಿ ಸುತ್ತತ್ತೆ. ಸೈಜ್ ಚಾರ್ಟಂತೂ ತಮಾಷೆ, ಬಸುರಿ ಆಗೋಕೆ ಮುಂಚಿನ ಪ್ಯಾಂಟ್ ಸೈಜ್ ಕೇಳ್ತಾರೆ, ಅದು ಎಂಟನೇ ತಿಂಗಳಲ್ಲಿ ಯಾವ ಲೆಕ್ಕಕ್ಕೆ ಬರತ್ತೆ ಹೇಳಿ? ಟೇಪ್ ತಗೊಂಡು ಹೊಟ್ಟೆ ಕೆಳಗೆ ಸೊಂಟದ ಸುತ್ತಳತೆ ನೋಡಿ ಆರ್ಡರ್ ಮಾಡಿ, ಇನ್ನೂ ಬೆಳೆಯೋಕೆ ಸ್ವಲ್ಪ ಜಾಗ ಇರೋ ಹಾಗೆ. ಕಟ್ಟಿದ್ಮೇಲೆ ಪಟ್ಟಿಯ ಒಳಗೆ ಎರಡು ಬೆರಳು ಸಲೀಸಾಗಿ ಹೋಗ್ಬೇಕು. ತೊಡೆ ಜೋಮು ಹಿಡಿದ್ರೆ, ಉಸಿರು ಬಿಗಿದ್ರೆ ಬಿಗಿ ಜಾಸ್ತಿ ಆಯ್ತು ಅಂತ. ದಿನವಿಡೀ ಹಾಕ್ಕೊಂಡು ಕೂರೋ ವಸ್ತುವೂ ಅಲ್ಲ, ಓಟಕ್ಕೋ ವಾಕಿಂಗ್‌ಗೋ ಹಾಕಿ, ಬಂದು ತೆಗೀರಿ.

ಬೆಲ್ಟ್ ಹಾಕಿದ ತಕ್ಷಣ ಓಡೋಕೆ ಪರ್ಮಿಷನ್ ಸಿಕ್ಕಂಗಲ್ಲ, ಇದನ್ನ ಬಾಕ್ಸ್ ಹೇಳಲ್ಲ ಅದಕ್ಕೆ ನಾನು ಹೇಳ್ತಿದೀನಿ. ಪ್ಲಸೆಂಟಾ (ಮಾಸು) ಕೆಳಗಿದೆ ಅಂದಿದ್ರೆ, ಗರ್ಭಕಂಠಕ್ಕೆ ಹೊಲಿಗೆ ಹಾಕಿದ್ರೆ, ಬಿಪಿ ಏರಿದ್ರೆ, ರಕ್ತ ಕಾಣಿಸ್ಕೊಂಡಿದ್ರೆ, ಡಾಕ್ಟರ್ ಬೇಡ ಅಂದ್ರೆ ಬೇಡ ಅಷ್ಟೇ. ತೊಂದರೆ ಏನೂ ಇಲ್ಲದ ಬಸುರಿಗೆ ಅಮೆರಿಕದ ಹೆರಿಗೆ ಡಾಕ್ಟರ್‌ಗಳ ಸಂಸ್ಥೆ ಎಸಿಒಜಿ ಹೇಳೋದು ವಾರಕ್ಕೆ 150 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ ಅಂತ, ಮೊದಲಿಂದ ಓಡ್ತಿದ್ದೋರು ಡಾಕ್ಟರ್ ಹತ್ರ ಮಾತಾಡಿ ಓಟ ಮುಂದುವರಿಸಬಹುದು ಅಂತಾನೂ ಹೇಳ್ತಾರೆ. ವಾಚಲ್ಲಿ ಹಾರ್ಟ್ ರೇಟ್ ನೋಡೋದಕ್ಕಿಂತ ಓಡ್ತಾ ಮಾತಾಡೋಕೆ ಆಗ್ತಿದೆಯಾ ಅಂತ ನೋಡೋದು ಒಳ್ಳೇದು, ವಾಕ್ಯ ಪೂರ್ತಿ ಮಾಡೋಕಾಗ್ಲಿಲ್ಲ ಅಂದ್ರೆ ನಿಧಾನ ಮಾಡಿ. ತಲೆ ಸುತ್ತು, ಎದೆ ನೋವು, ತಲೆನೋವು, ಕಾಲಿನ ಮೀನಖಂಡದಲ್ಲಿ ನೋವು ಅಥವಾ ಊತ, ನೀರು ಹೋದಂಗೆ ಅನ್ನಿಸೋದು, ಬಿಟ್ಟು ಬಿಟ್ಟು ಬರೋ ಹೊಟ್ಟೆ ನೋವು, ಇವುಗಳಲ್ಲಿ ಒಂದು ಬಂದ್ರೂ ಅಲ್ಲೇ ನಿಲ್ಸಿ ಫೋನ್ ತೆಗೀರಿ.

ಅಮೆರಿಕದ ಓಟಗಾರ್ತಿ ಅಲಿಸಿಯಾ ಮೊಂಟಾನ್ಯೊ ಗೊತ್ತಿರ್ಬೋದು, 2014ರಲ್ಲಿ 34 ವಾರದ ಬಸುರಿಯಾಗಿ ಅಮೆರಿಕದ ನ್ಯಾಷನಲ್ ಚಾಂಪಿಯನ್‌ಶಿಪ್‌ನಲ್ಲಿ 800 ಮೀಟರ್ ಓಡಿದ್ದು. ಆ ಫೋಟೋ ನೋಡಿ ಎಲ್ರೂ ರೋಮಾಂಚನ ಅಂತಾರೆ, ನಂಗೆ ಇಷ್ಟ ಆಗಿದ್ದು ಟೈಮಿಂಗು. 2 ನಿಮಿಷ 32 ಸೆಕೆಂಡ್, ತನ್ನ ಬೆಸ್ಟ್‌ಗಿಂತ ಹೆಚ್ಚುಕಮ್ಮಿ 35 ಸೆಕೆಂಡ್ ನಿಧಾನ, ಹೀಟ್‌ನಲ್ಲಿ, ಅಂದ್ರೆ ಮೊದಲ ಸುತ್ತಿನ ಓಟದಲ್ಲಿ, ಕೊನೇ ಸ್ಥಾನ. ಆ ಲೆವೆಲ್ಲಿನವಳೇ ಅಷ್ಟು ನಿಧಾನ ಮಾಡಿದಾಳೆ, ನಾವು ಆಪ್‌ನಲ್ಲಿ ಪೇಸ್ ಬಿತ್ತು ಅಂತ ಮುಖ ಸಣ್ಣ ಮಾಡ್ಕೋತೀವಿ. ನಂದು ಎಂಟನೇ ತಿಂಗಳ ಹೊತ್ತಿಗೆ ಓಟ ನಡಿಗೆ ಓಟ ನಡಿಗೆ ಆಗಿ, ಆಮೇಲೆ ಬರೀ ನಡಿಗೆ ಆಯ್ತು, ಕೆಳಗೆ ಏನೋ ಭಾರ ಜಗ್ಗಿದಂಗೆ ಅನ್ನಿಸೋಕೆ ಶುರುವಾದಾಗ. ಆ ಭಾರಕ್ಕೆ ಬೆಲ್ಟ್ ಔಷಧಿ ಅಲ್ಲ, ಬೆಲ್ಟ್ ಬಿಗಿ ಮಾಡಿ ಇನ್ನೊಂದು ಕಿಲೋಮೀಟರ್ ಎಳೆಯೋಣ ಅನ್ನಿಸತ್ತೆ, ಬೇಡ.

ಈಗ ಅಸಲಿ ತಕರಾರಿಗೆ ಬರೋಣ. ಬಾಕ್ಸ್‌ನ ಹಿಂದೆ ಟೂ ಇನ್ ಒನ್ ಅಂತಿದೆ, ಹೆರಿಗೆ ಆದ್ಮೇಲೂ ಇದನ್ನೇ ಕಟ್ಕೊಂಡು ಬೇಗ ವರ್ಕೌಟ್‌ಗೆ ವಾಪಸ್ ಬನ್ನಿ ಅಂತ, ಜೊತೆಗೆ ಚಪ್ಪಟೆ ಹೊಟ್ಟೆಯ ಹುಡುಗಿ ಓಡ್ತಿರೋ ಫೋಟೋ. ಇದೇ ತಪ್ಪು ದಾರಿ ತೋರಿಸೋದು. ಮಾಮೂಲಿ ಹೆರಿಗೆಯಲ್ಲಿ ಪೆಲ್ವಿಕ್ ಫ್ಲೋರ್ ಮಸಲ್‌ಗಳ ಕೆಲವು ಭಾಗ ಮೂರು ಪಟ್ಟಿನ ಆಸುಪಾಸು ಹಿಗ್ಗತ್ತೆ ಅಂತ ಲೆಕ್ಕ ಹಾಕಿದಾರೆ, ಮೂತ್ರಕೋಶ ಗರ್ಭಕೋಶ ಎಲ್ಲಾ ಕೆಳಗಿಂದ ಹೊತ್ಕೊಂಡಿರೋದು ಅದೇ ಮಸಲ್‌ಗಳು. ಓಡೋವಾಗ ಒಂದೊಂದು ಹೆಜ್ಜೆಗೂ ನೆಲದಿಂದ ಮೈತೂಕದ ಒಂದೂವರೆಯಿಂದ ಎರಡೂವರೆ ಪಟ್ಟು ಹೊಡೆತ ವಾಪಸ್ ಬರತ್ತೆ. ಬೆಲ್ಟ್ ಸುತ್ತೋದು ಹೊಟ್ಟೆಗೆ, ಹೊಡೆತ ತಗೊಳ್ಳೋದು ತಳ. ಇನ್ನೂ ಹೇಳ್ಬೇಕಂದ್ರೆ ಹೊಟ್ಟೆಯನ್ನ ಬಿಗಿಯಾಗಿ ಸುತ್ತಿದ್ರೆ ಟೂತ್‌ಪೇಸ್ಟ್ ಟ್ಯೂಬನ್ನ ಮಧ್ಯಕ್ಕೆ ಹಿಸುಕಿದಂಗೆ, ಒಳಗಿನ ಒತ್ತಡ ಕೆಳಕ್ಕೆ ಹೋಗ್ಬೋದು, ಅಲ್ಲೇ ಸಡಿಲ ಆಗಿರೋ ಜಾಗ ಇರೋದು.

ಹೊಟ್ಟೆ ಮಧ್ಯದ ಮಸಲ್ ಬಿಟ್ಕೊಂಡಿರೋದು, ಡಯಾಸ್ಟೇಸಿಸ್ ಅಂತಾರಲ್ಲ, ಅದನ್ನ ಬೆಲ್ಟ್ ಮುಚ್ಚತ್ತೆ ಅನ್ನೋದೂ ಹಾಗೇ. ಹಾಕಿದಾಗ ಹಿಡ್ಕೊಂಡಂಗೆ ಇರತ್ತೆ, ತೆಗೆದ್ರೆ ಇದ್ದಂಗೇ ಇರತ್ತೆ, ಕೆಲಸ ಮಾಡ್ಬೇಕಿರೋದು ಮಸಲ್ಲು. ಸಿಸೇರಿಯನ್ ಆದವರಿಗೆ ಮೊದಲ ಕೆಲವು ವಾರ ಏಳೋವಾಗ, ಕೆಮ್ಮೋವಾಗ, ಮೆಲ್ಲಗೆ ನಡೆಯೋವಾಗ ಹಿತ ಅನ್ನಿಸತ್ತೆ, ಅದು ನಿಜ, ನನ್ನ ಫ್ರೆಂಡ್ ಒಬ್ಳು ಅದಿಲ್ದೆ ಹಾಸಿಗೆಯಿಂದ ಏಳ್ತಿರ್ಲಿಲ್ಲ. ಆದ್ರೆ ಹಿತ ಅನ್ನಿಸೋದು ಬೇರೆ ಗಾಯ ಮಾಗೋದು ಬೇರೆ. ಆಪರೇಷನ್‌ನಲ್ಲಿ ಕತ್ತರಿಸಿದ ಹೊಟ್ಟೆಯ ಒಳಪದರ ಆರು ವಾರಕ್ಕೆ ಹಳೇ ಗಟ್ಟಿತನದ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂದಿರತ್ತೆ ಅಷ್ಟೇ, ಆರೇಳು ತಿಂಗಳಾದ್ರೂ ಪೂರ್ತಿ ಬಂದಿರಲ್ಲ. ಹೊರಗಡೆ ಹೊಲಿಗೆ ಒಣಗಿ ಚೆನ್ನಾಗಿ ಕಂಡ ತಕ್ಷಣ ಒಳಗೂ ಹಾಗೇ ಅಂತ ಅಂದ್ಕೋಬೇಡಿ, ಆರು ವಾರದ ಚೆಕಪ್‌ನಲ್ಲಿ ಎಲ್ಲಾ ನಾರ್ಮಲ್ ಅಂದ್ರೆ ಓಡು ಅಂತ ಅರ್ಥ ಅಲ್ಲ.

ಹಾಗಾದ್ರೆ ದುಡ್ಡು ಎಲ್ಲಿ ಹಾಕೋದು? ಪೆಲ್ವಿಕ್ ಫ್ಲೋರ್ ಫಿಸಿಯೊಥೆರಪಿಸ್ಟ್ ಹತ್ರ. ಇದು ಬೆಲ್ಟ್ ರಿವ್ಯೂ ಆದ್ರೂ ಇದನ್ನ ಹೇಳ್ದೆ ಬಿಟ್ರೆ ರಿವ್ಯೂ ಅರ್ಧಂಬರ್ಧ ಆಗತ್ತೆ. ಮೊದಲ ಸೆಷನ್‌ನಲ್ಲಿ ಅರ್ಧ ಹೊತ್ತು ಬರೀ ಪ್ರಶ್ನೆ: ಹೆರಿಗೆ ಹೇಗಾಯ್ತು, ಎಷ್ಟು ಹರಿದಿತ್ತು, ಸೀನಿದ್ರೆ ಸೋರತ್ತಾ, ನಿದ್ದೆ ಎಷ್ಟು. ಆಮೇಲೆ ಹೊಟ್ಟೆಯ ಗ್ಯಾಪ್ ನೋಡ್ತಾರೆ, ನಾವು ಒಪ್ಪಿದ್ರೆ ಗ್ಲೌಸ್ ಹಾಕ್ಕೊಂಡು ಒಳಗಿನ ಪರೀಕ್ಷೆ ಮಾಡ್ತಾರೆ, ಬೇಡ ಅಂದ್ರೆ ಒತ್ತಾಯ ಇಲ್ಲ. ನಾಚಿಕೆ ಆಗತ್ತಾ ಅಂದ್ರೆ ಆಗತ್ತೆ, ಹೆರಿಗೆ ಮುಗಿಸಿ ಬಂದವಳಿಗೆ ಇನ್ನೇನು ಬಿಡಿ. ಕೀಗಲ್ ವ್ಯಾಯಾಮ, ಅಂದ್ರೆ ಪೆಲ್ವಿಕ್ ಫ್ಲೋರ್ ಮಸಲ್‌ಗಳನ್ನ ಬಿಗಿ ಮಾಡಿ ಬಿಡೋದು, ಯಾರಿಗೆ ಗೊತ್ತಿಲ್ಲ, ಆರ್ನಾಲ್ಡ್ ಕೀಗಲ್ ಅನ್ನೋ ಡಾಕ್ಟರ್ 1948ರಲ್ಲೇ ಬರೆದಿದ್ದು, ಆದ್ರೆ ಉಸಿರು ಕಟ್ಕೊಂಡು ಪೃಷ್ಠ ಬಿಗಿ ಮಾಡಿ ಕೆಳಕ್ಕೆ ತಳ್ಳೋರೇ ಜಾಸ್ತಿ, ಮೇಲಕ್ಕೆ ಎತ್ಬೇಕಾದ್ದನ್ನ. ಅದು ಸರಿ ಇದೆಯಾ ಅಂತ ಬೆಲ್ಟೂ ಹೇಳಲ್ಲ ವಿಡಿಯೋನೂ ಹೇಳಲ್ಲ, ಪರೀಕ್ಷೆ ಮಾಡ್ದೋರೇ ಹೇಳ್ಬೇಕು.

2019ರಲ್ಲಿ ಯುಕೆಯ ಮೂರು ಜನ ಫಿಸಿಯೊಗಳು, ಟಾಮ್ ಗೂಮ್, ಗ್ರೋನ್ಯ ಡೊನೆಲಿ, ಎಮ್ಮಾ ಬ್ರಾಕ್‌ವೆಲ್, ಹೆರಿಗೆ ನಂತರದ ಓಟಕ್ಕೆ ಒಂದು ಮಾರ್ಗಸೂಚಿ ಬರೆದ್ರು. ಅದರಲ್ಲಿ ಕಮ್ಮಿ ಅಂದ್ರೆ 12 ವಾರ ಕಾಯಿರಿ ಅಂತಿದೆ, ಆದ್ರೆ ಕ್ಯಾಲೆಂಡರ್ ನೋಡಿ ಓಡೋದಲ್ಲ, ಟೆಸ್ಟ್ ಪಾಸಾಗ್ಬೇಕು. 30 ನಿಮಿಷ ನಡೆಯೋದು, ಒಂಟಿ ಕಾಲಲ್ಲಿ 10 ಸೆಕೆಂಡ್ ನಿಲ್ಲೋದು, ಒಂದೊಂದೇ ಕಾಲಲ್ಲಿ 10 ಸ್ಕ್ವಾಟ್, ನಿಂತಲ್ಲೇ ಒಂದು ನಿಮಿಷ ಜಾಗಿಂಗು, ಮುಂದಕ್ಕೆ 10 ನೆಗೆತ, ಒಂಟಿ ಕಾಲಲ್ಲಿ ಕುಂಟಾಬಿಲ್ಲೆ ಥರ 10 ಸಲ ಕುಪ್ಪಳಿಸೋದು, ಇದೆಲ್ಲಾ ನೋವಿಲ್ದೆ, ಭಾರ ಅನ್ನಿಸ್ದೆ, ಒಂದು ಹನಿ ಸೋರ್ದೆ ಆಗ್ಬೇಕು. ಜೊತೆಗೆ ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತೋದು, ಬ್ರಿಡ್ಜ್ (ಅಂಗಾತ ಮಲಗಿ ಸೊಂಟ ಎತ್ತೋದು), ಕೂತು ಏಳೋದು ಇವೆಲ್ಲಾ ಇಪ್ಪತ್ತಿಪ್ಪತ್ತು ಸಲ. ಓದೋಕೆ ಸುಲಭ, ಕುಪ್ಪಳಿಸೋದು ಮಾಡಿ ನೋಡಿ. ನಂಗೆ ಅದು ತಡವಾಗಿ ಬಂತು, ಫಿಸಿಯೊ ಹೇಳಿದ ಹಾಗೆ ಸ್ಟ್ರೆಂತ್ ಮಾಡ್ತಾ ಕಾದಿದ್ದೆ, ಕಾದಿದ್ದಕ್ಕೆ ಬೇಜಾರಿಲ್ಲ.

ಇಲ್ಲೊಂದು ಫಾರ್ವರ್ಡ್ ಬಗ್ಗೆ ಹೇಳ್ಲೇಬೇಕು. ಬ್ರಿಟನ್ನಿನ ಮ್ಯಾರಥಾನ್ ಓಟಗಾರ್ತಿ ಪೌಲಾ ರಾಡ್‌ಕ್ಲಿಫ್ 2007ರ ಜನವರಿಯಲ್ಲಿ ಮಗು ಹೆತ್ತು ಅದೇ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ಲು ಅಂತ ಎಲ್ಲಾ ಗ್ರೂಪಲ್ಲೂ ಬರತ್ತೆ. ಮಧ್ಯದಲ್ಲಿ ಬೆನ್ನಿನ ಕೆಳಗಿನ ಮೂಳೆಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ (ಪದೇ ಪದೇ ಹೊಡೆತ ಬಿದ್ದು ಬರೋ ಸಣ್ಣ ಬಿರುಕು) ಆಗಿ ಓಟ ನಿಲ್ಲಿಸಿದ್ದು ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ. ಹಾಲೂಡಿಸೋವಾಗ ತಾಯಿಯ ಮೂಳೆಯ ಸಾಂದ್ರತೆ ಒಂದು 3ರಿಂದ 5 ಪರ್ಸೆಂಟ್ ಇಳಿಯತ್ತೆ, ಹಾಲು ಬಿಡಿಸಿದ್ಮೇಲೆ ಸಾಮಾನ್ಯವಾಗಿ ವಾಪಸ್ ಬರತ್ತೆ, ಆದ್ರೆ ಆ ಸಮಯದಲ್ಲೇ ನಿದ್ದೆ ಇಲ್ಲ, ತೂಕ ಇಳಿಸ್ಬೇಕು ಅಂತ ಊಟ ಕಮ್ಮಿ, ಮೇಲಿಂದ ಓಟ ಜಾಸ್ತಿ ಅಂದ್ರೆ ಮೂಳೆ ಏನು ಮಾಡತ್ತೆ. ಓಡ್ಬೇಕಾ, ಮೊದ್ಲು ಹೊಟ್ಟೆ ತುಂಬಾ ತಿನ್ನಿ.

ಬೆಲ್ಟ್ ಜೊತೆ ಬೇರೆ ಏನು ಬೇಕಾಯ್ತು ಅಂತ ಚುಟುಕಾಗಿ. ಸ್ಪೋರ್ಟ್ಸ್ ಬ್ರಾ ಹೆರಿಗೆಗೆ ಮುಂಚೆ ತಗೋಬೇಡಿ, ಹಾಲು ಬಂದ್ಮೇಲೆ ಸೈಜ್ ಬದಲಾಗತ್ತೆ. ಮುಂದೆ ಕ್ಲಿಪ್ ಇರೋದು ಫೀಡಿಂಗ್‌ಗೂ ಆಗತ್ತೆ, ಆದ್ರೆ ತುಂಬಾ ಬಿಗಿ ಬ್ರಾ ಗಂಟೆಗಟ್ಟಲೆ ಹಾಕಿದ್ರೆ ಹಾಲು ಕಟ್ಕೊಂಡು ಗಡ್ಡೆಯಾಗೋ ಸಾಧ್ಯತೆ ಇರತ್ತೆ, ಓಟಕ್ಕೆ ಹೋಗೋ ಮುಂಚೆ ಹಾಲು ಕುಡಿಸಿ ಹೋದ್ರೆ ಎದೆನೂ ಹಗುರ ಮಗೂನೂ ಸಮಾಧಾನ. ಹಳೇ ಶೂ ಹಾಕೋ ಮುಂಚೆ ಪಾದ ಅಳೀರಿ, ಬಸುರಲ್ಲಿ ಪಾದದ ಕಮಾನು ಇಳಿದು ಪಾದ ಉದ್ದ ಆಗೋದುಂಟು, ಕೆಲವರಿಗೆ ಅದು ಹಾಗೇ ಉಳಿಯತ್ತೆ, ನಂದೂ ಉಳೀತು. ಮಗೂನ ತಳ್ಕೊಂಡು ಓಡೋ ಜಾಗಿಂಗ್ ಸ್ಟ್ರಾಲರ್ ಬಗ್ಗೆ ಸೇಲ್ಸ್‌ನವರು ಹುಟ್ಟಿದ ದಿನದಿಂದ ಅಂತಾರೆ, ಅದು ನಡೆಯೋಕೆ. ಓಡೋಕೆ ಮಗುವಿಗೆ ಆರರಿಂದ ಒಂಬತ್ತು ತಿಂಗಳಾದ್ರೂ ಆಗಿ ಕತ್ತು ಗಟ್ಟಿಯಾಗಿರ್ಬೇಕು, ಮುಂದಿನ ಚಕ್ರ ಲಾಕ್ ಆಗ್ಬೇಕು, ಎರಡು ಭುಜ, ಸೊಂಟದ ಎರಡು ಪಕ್ಕ, ಕಾಲ್ಗಳ ಮಧ್ಯ ಹಿಡಿಯೋ ಐದು ಪಾಯಿಂಟ್ ಬೆಲ್ಟು ಮತ್ತೆ ಕೈಗೆ ಕಟ್ಕೊಳೋ ಪಟ್ಟಿ ಇರ್ಲೇಬೇಕು.

ಓಟ ಶುರು ಮಾಡೋವಾಗ ನಾನು ಬೆಲ್ಟ್ ಹಾಕ್ಲೇ ಇಲ್ಲ, ಬೇಕು ಅಂತಾನೇ. ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆ, ದಿನ ಬಿಟ್ಟು ದಿನ, ದೂರ ನೋಡ್ದೆ ಟೈಮ್ ನೋಡ್ಕೊಂಡು. ಬೆಲ್ಟ್ ಇದ್ದಿದ್ರೆ ಹೊಟ್ಟೆ ಯಾವಾಗ ಸೋಲತ್ತೆ ಅಂತ ಗೊತ್ತಾಗ್ತಿರ್ಲಿಲ್ಲ, ಇಲ್ದೆ ಇದ್ರೆ ಸುಸ್ತಾದ ಕೂಡ್ಲೇ ಗೊತ್ತಾಗತ್ತೆ, ಅಲ್ಲಿಗೆ ನಿಲ್ಸ್ಬೋದು. ಸಂಜೆ ಹೊತ್ತಿಗೆ ಕೆಳಗೆ ಭಾರ ಅನ್ನಿಸಿದ್ರೆ ಮುಂದಿನ ಸಲ ಓಟದ ನಿಮಿಷ ಕಮ್ಮಿ.

ಕೊನೇ ತಿಂಗಳುಗಳಿಗೆ ಐದರಲ್ಲಿ ನಾಲ್ಕು ಸ್ಟಾರ್, ವೆಲ್ಕ್ರೋಗೆ ಒಂದು ಕಟ್. ಹೆರಿಗೆ ಆದ್ಮೇಲಿನ ಓಟಕ್ಕೆ ಒಂದು ಸ್ಟಾರೂ ಕೊಡಲ್ಲ. ಯಾರಾದ್ರೂ ಬಳಸಿದ್ದನ್ನ ಕೊಟ್ರೆ ಖುಷಿಯಾಗಿ ತಗೊಳ್ಳಿ, ಹೊಸದೇ ಬೇಕು ಅಂತಿಲ್ಲ, ಆದ್ರೆ ಎಲಾಸ್ಟಿಕ್ ಒಂದ್ಸಲ ಎಳೆದು ನೋಡಿ, ಬಿಟ್ಟ ತಕ್ಷಣ ವಾಪಸ್ ಬರ್ಲಿಲ್ಲ ಅಂದ್ರೆ ಅದು ಹೊಟ್ಟೆ ಎತ್ತಿ ಹಿಡಿಯಲ್ಲ.