ಧಾರೆ ಸೀರೆಯ ಬ್ಲೌಸ್ ಹೊಲಿಯಲು ಕೊಡುವ ಮುಂಚೆ ಇದನ್ನು ಓದಿ

ಹಾಸನದಲ್ಲಿ ಮದುವೆ ಬ್ಲೌಸ್‌ಗೆ ಆರಿ ವರ್ಕ್, ಅಂದರೆ ಕೊಕ್ಕೆಸೂಜಿಯ ಕಸೂತಿ, ಮಾಡಿಸಲು ಹೊರಟವರು ಒಂದು ಮಾತು ಕೇಳಿ. ಬರೀ ಲೈನಿಂಗ್ ಬಟ್ಟೆಯಲ್ಲಿ ಒಮ್ಮೆ ಹೊಲಿಸಿ, ಹಾಕಿ ನೋಡುವವರೆಗೂ ರೇಷ್ಮೆಗೆ ಸೂಜಿ ಮುಟ್ಟಿಸಲು ಬಿಡಬೇಡಿ.

ನನ್ನ ತಂಗಿಯ ಧಾರೆ ಸೀರೆಯ ಬ್ಲೌಸ್ ಪೀಸನ್ನು ಪೇಟೆಯ ಒಂದು ಬೊಟಿಕ್‌ಗೆ ಕೊಟ್ಟಿದ್ದೆವು. ಅಳತೆಗೆ ಅವಳ ಹಳೆಯ ಕಾಟನ್ ಬ್ಲೌಸ್ ಇಟ್ಟುಕೊಂಡರು. ಮೈಯಳತೆಯನ್ನೂ ತಗೊಳ್ಳಿ ಅಂತ ಅಮ್ಮ ಹೇಳಿದರೆ, "ಬೇಡ ಆಂಟಿ, ಅಳತೆ ಬ್ಲೌಸ್ ಇದ್ರೆ ಸಾಕು" ಅಂದರು. ದುಡ್ಡು ಮಾತ್ರ ಪೂರ್ತಿ ಮುಂಗಡ.

ಬ್ಲೌಸ್ ಕೈಗೆ ಬಂದದ್ದು ಚಪ್ಪರದ ಹಿಂದಿನ ಸಂಜೆ. ಬೆನ್ನ ಮೇಲೆ ನವಿಲು, ತೋಳಿನ ತುಂಬ ಜರ್ದೋಸಿ, ಮುತ್ತು. ಕೆಲಸ ಚೆಂದವಾಗಿತ್ತು, ಇಲ್ಲ ಅನ್ನಲಾರೆ. ಆದರೆ ಹಾಕಿಕೊಂಡರೆ ಕಂಕುಳು ಹಿಡಿಯುತ್ತಿತ್ತು. ಕೈ ಹೆಗಲ ಮಟ್ಟಕ್ಕೂ ಏಳುತ್ತಿರಲಿಲ್ಲ. ಹಾರ ಹಾಕಬೇಕಾದ ಹುಡುಗಿ ಅಳುತ್ತಾ ಕೂತಳು.

ಬದಿಯ ಹೊಲಿಗೆ ಬಿಚ್ಚಿ ಸಡಿಲ ಮಾಡೋಣ ಅಂದರೆ ಒಳಗೆ ಅರ್ಧ ಇಂಚೂ ಬಟ್ಟೆ ಬಿಟ್ಟಿರಲಿಲ್ಲ. ತೋಳಿನ ಮುತ್ತುಗಳು ಹೊಲಿಗೆಯ ಒಳಗೇ ಸಿಕ್ಕಿಕೊಂಡಿದ್ದವು.

ಸಾಮಾನ್ಯವಾಗಿ ಈ ವರ್ಕ್ ಮಾಡುವುದು ಬಟ್ಟೆ ಕತ್ತರಿಸುವ ಮುಂಚೆ. ಪೀಸನ್ನು ಚೌಕಟ್ಟಿಗೆ ಬಿಗಿದು, ಕುತ್ತಿಗೆ, ತೋಳು, ಕಂಕುಳಿನ ಗೆರೆ ಎಳೆದು, ಆ ಗೆರೆ ನೋಡಿಕೊಂಡು ಕೊಕ್ಕೆಸೂಜಿಯಲ್ಲಿ ಕಸೂತಿ ಹಾಕುತ್ತಾರೆ. ಗೆರೆ ತಪ್ಪಿದರೆ ಮುಗಿಯಿತು. ವರ್ಕ್ ಬಿಚ್ಚಿದರೆ ರೇಷ್ಮೆಯಲ್ಲಿ ತೂತು ಉಳಿಯುತ್ತದೆ. ಅದೇ ಬಣ್ಣದ, ಅದೇ ಅಂಚಿನ ಇನ್ನೊಂದು ಪೀಸ್ ಎಲ್ಲಿಂದ ತರುವುದು? ಸೀರೆಯ ಜೊತೆ ಬರುವ ಬ್ಲೌಸ್ ಪೀಸೇ 80 ಸೆಂ.ಮೀ. ಆಸುಪಾಸು. ನಾವು ಕೊಟ್ಟಿದ್ದ ಬೊಟಿಕ್‌ನವರು ವರ್ಕನ್ನು ಹೊರಗೆ ಬೇರೆ ಯಾರಿಗೋ ಕೊಟ್ಟಿದ್ದರಂತೆ. ಅದು ಗೊತ್ತಾದದ್ದು ಜಗಳವಾದ ಮೇಲೆ.

ಆ ರಾತ್ರಿ ನಮ್ಮ ಬೀದಿಯ ಹಳೆಯ ಟೈಲರಮ್ಮ ಸೀರೆಯ ಒಳತುದಿಯಿಂದ ಒಂದು ಪಟ್ಟಿ ಕತ್ತರಿಸಿ, ಎರಡೂ ಕಂಕುಳಿಗೆ ಸೇರಿಸಿ ಮಾನ ಉಳಿಸಿದರು. ಧಾರೆ ಸೀರೆಗೆ ಕತ್ತರಿ ಹಾಕುವಾಗ ಅಮ್ಮ ಆಚೆ ಎದ್ದು ಹೋದರು. ಬದಿಗೆ ಒಂದೂವರೆ ಇಂಚಾದರೂ ಬಟ್ಟೆ ಬಿಡಲು ಹೇಳಬೇಕು, ಕಾಟನ್ ಲೈನಿಂಗನ್ನು ನೀರಲ್ಲಿ ನೆನೆಸಿ ಒಣಗಿಸಿದ ಮೇಲೇ ಕತ್ತರಿಸಬೇಕು ಅಂತ ಹೇಳಿಕೊಟ್ಟವರೂ ಅವರೇ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಲೈನಿಂಗ್ ಕುಗ್ಗಿ ರೇಷ್ಮೆಯನ್ನು ಎಳೆಯುತ್ತದೆ.

ದುಡ್ಡು ವಾಪಸ್ ಕೇಳಲು ಬೊಟಿಕ್‌ಗೆ ಹೋದರೆ ಚೀಟಿಯ ಹಿಂದೆ ಅಚ್ಚು ಹಾಕಿಸಿದ್ದ "ಹಣ ವಾಪಸ್ ಇಲ್ಲ" ತೋರಿಸಿದರು. ಅದಕ್ಕೆಲ್ಲ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದುಡ್ಡು ಕೊಟ್ಟು ಪಡೆದ ಸೇವೆಗೂ ಅನ್ವಯಿಸುತ್ತದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ. ಆದರೆ ಸರಿಯಾದ ಬಿಲ್ ಕೇಳಿ ತಗೊಳ್ಳಿ. ಕೊಟ್ಟ ದಿನ, ವಾಪಸ್ ಕೊಡುವ ದಿನ, ವರ್ಕಿನ ವಿವರ, ಕಟ್ಟಿದ ಹಣ ಎಲ್ಲ ಅದರಲ್ಲಿ ಇರಲಿ. ನಮ್ಮ ಚೀಟಿಯಲ್ಲಿ ಇದ್ದದ್ದು ಒಂದು ನಂಬರ್ ಅಷ್ಟೇ.