‘ಏನ್ರಿ’ ಬಿಡಿಸಿದ ತರಬೇತಿ: ಹದಿನಾಲ್ಕು ತಿಂಗಳ ಬಳಕೆಯ ನಂತರ

ಮೊದಲೇ ಹೇಳಿಬಿಡುತ್ತೇನೆ, ರೋಗಿಯೊಡನೆ ಮಾತಾಡುವ ಬಗೆ ಕಲಿಸುವ ಈ ಕೋರ್ಸಿಗೆ ನಾನು ಕೊಟ್ಟದ್ದು 36,000 ರೂಪಾಯಿ. ಮೂರು ಕಂತಿನಲ್ಲಿ ಕಟ್ಟಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಪಿಎಸ್‌ಡಬ್ಲ್ಯು, ಅಂದರೆ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಆಗಿ ಗುತ್ತಿಗೆಯ ಮೇಲೆ ದುಡಿಯುವವನಿಗೆ ಅದು ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ. ಮನೆಯವಳು ಕೇಳಿದ್ದು ಒಂದೇ ಮಾತು, ‘ಒಂಬತ್ತು ವರ್ಷ ಇದೇ ಕೆಲಸ ಮಾಡೀರಿ, ಇನ್ನೇನು ಕಲೀತೀರಿ?’ ಆಗ ನನ್ನ ಬಳಿ ಸರಿಯಾದ ಉತ್ತರ ಇರಲಿಲ್ಲ.

ಕೋರ್ಸಿನ ವಿವರ, ಪಾಠಗಳ ಪಟ್ಟಿ ಇವೆಲ್ಲ ಸೇರಬೇಕೆಂದಿರುವವರು ನೋಡಿಯೇ ಇರುತ್ತೀರಿ. ಮೋಟಿವೇಶನಲ್ ಇಂಟರ್‌ವ್ಯೂಯಿಂಗ್, ಅಂದರೆ ಬುದ್ಧಿ ಹೇಳದೆ ಬದಲಾಗುವ ಮಾತನ್ನು ರೋಗಿಯ ಬಾಯಿಂದಲೇ ಬರಿಸುವ ಮಾತುಕತೆಯ ವಿಧಾನ, ಮುಖ್ಯ ವಿಷಯ, ಜೊತೆಗೆ ಆತ್ಮಹತ್ಯೆ ತಡೆಯ ಸೇಫ್ಟಿ ಪ್ಲಾನ್ ಮಾಡುವುದರ ಮೇಲೆ ಒಂದು ಚಿಕ್ಕ ಭಾಗ. ನಾನು ಬರೆಯಹೊರಟಿದ್ದು ಅದರೊಳಗಿನ ಒಂದೇ ಒಂದು ಸಂಗತಿಯ ಬಗ್ಗೆ. ಆದರೆ ಅಲ್ಲಿಗೆ ಬರುವ ಮುನ್ನ ಮೂರು ತಿಂಗಳ ಬೇಸರ ದಾಟಬೇಕು.

ಮೊದಲ ಮೂರು ತಿಂಗಳು ಬರೀ ವಿಡಿಯೊ. ಇಂಗ್ಲಿಷ್‌ನಲ್ಲಿ. ಕೆಳಗೆ ಓಡುವ ಕನ್ನಡ ಸಾಲುಗಳು ಯಾರೂ ಆಡದ ಕನ್ನಡದವು. ‘ಚೇಂಜ್ ಟಾಕ್’, ಅಂದರೆ ಬದಲಾಗಬೇಕೆಂದು ರೋಗಿ ತಾನೇ ಆಡುವ ಮಾತು, ಎಂಬುದನ್ನು ‘ಬದಲಾವಣೆ ಮಾತುಕತೆ’ ಎಂದು ಹಾಕಿದ್ದರು. ರೋಲ್‌ಪ್ಲೇ ನಡೆಯುವುದು ಸೋಫಾ ಇರುವ ಶಾಂತವಾದ ಕೋಣೆಯಲ್ಲಿ, ಒಬ್ಬ ರೋಗಿಗೆ ಐವತ್ತು ನಿಮಿಷ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯದ ಕ್ಲಿನಿಕ್. ಅವತ್ತು ನನ್ನ ಮೇಜಿನ ಪಕ್ಕದಲ್ಲೇ ಔಷಧಿ ಕೌಂಟರಿನ ಸಾಲು, ಒಬ್ಬರಿಗೆ ಇಪ್ಪತ್ತು ನಿಮಿಷ ಸಿಕ್ಕರೆ ದೊಡ್ಡದು. ಪ್ರತಿ ಪಾಠದ ಕೊನೆಗೆ ಟಿಕ್ ಹಾಕುವ ಪರೀಕ್ಷೆ. ಎಲ್ಲದರಲ್ಲೂ ತೊಂಬತ್ತರ ಮೇಲೆ ಅಂಕ ಬಂತು, ಕ್ಲಿನಿಕ್ಕಿನಲ್ಲಿ ನನ್ನ ಮಾತು ಒಂದಿಷ್ಟೂ ಬದಲಾಗಲಿಲ್ಲ. ಎರಡನೇ ಕಂತು ಕಟ್ಟುವ ಮುನ್ನ ಬಿಟ್ಟುಬಿಡೋಣ ಎಂದು ಗಂಭೀರವಾಗಿ ಯೋಚಿಸಿದ್ದೆ.

ನಾಲ್ಕನೇ ತಿಂಗಳಿಗೆ ಸೂಪರ್‌ವಿಷನ್ ಶುರುವಾಯಿತು. ನಿಜವಾದ ರೋಗಿಯೊಡನೆ ಆಡಿದ ಮಾತನ್ನು, ಅವರ ಒಪ್ಪಿಗೆ ಪಡೆದು, ರೆಕಾರ್ಡ್ ಮಾಡಿ ಕಳಿಸಬೇಕು. ಅದರಲ್ಲಿ ಇಪ್ಪತ್ತು ನಿಮಿಷದ ಒಂದು ತುಂಡನ್ನು ಕೋರ್ಸಿನ ಸೂಪರ್‌ವೈಸರ್ ಕೇಳಿ, ನಾವಾಡಿದ ಒಂದೊಂದು ಮಾತನ್ನೂ ಎಣಿಸುತ್ತಾರೆ: ಪ್ರಶ್ನೆ ಎಷ್ಟು, ರಿಫ್ಲೆಕ್ಷನ್ ಎಷ್ಟು, ಕೇಳದೆಯೇ ಕೊಟ್ಟ ಬುದ್ಧಿಮಾತು ಎಷ್ಟು. ರಿಫ್ಲೆಕ್ಷನ್ ಎಂದರೆ ಎದುರಿನವರು ಹೇಳಿದ್ದನ್ನು, ಹೇಳದೆ ಉಳಿಸಿದ್ದನ್ನು, ಅವರ ಮುಂದೆ ಇಡುವ ಮಾತು. ಈ ಎಣಿಕೆಗೆ ಬಳಸುವ ಎಂಐಟಿಐ ಎಂಬ ಅಳತೆಪಟ್ಟಿಯ ಪ್ರಕಾರ ಒಂದು ಪ್ರಶ್ನೆಗೆ ಒಂದು ರಿಫ್ಲೆಕ್ಷನ್ ಇದ್ದರೆ ಪರವಾಗಿಲ್ಲ, ಎರಡಿದ್ದರೆ ಚೆನ್ನ.

ಒಪ್ಪಿಗೆ ಕೇಳುವುದೇ ನನಗೆ ಅಳುಕಾಗಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ರೋಗಿಯ ವಿಷಯ ಗುಟ್ಟಾಗಿ ಉಳಿಯುವುದು ಅವರ ಹಕ್ಕು. ಇಬ್ಬರು ಬೇಡ ಎಂದರು, ಅಲ್ಲಿಗೇ ಬಿಟ್ಟೆ. ಮೂರನೆಯವರು ಐವತ್ತರ ಆಸುಪಾಸಿನ ರೈತ, ಕುಡಿತಕ್ಕಾಗಿ ಹೆಂಡತಿ ಕರೆತಂದಿದ್ದರು. (ಇಲ್ಲಿ ಬರುವ ಎಲ್ಲರ ವಿವರವನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ.) ‘ಹೆಸರು ಹಾಕಬ್ಯಾಡ್ರಿ. ದನಿ ಕೇಳಿದ್ರ ಕೇಳ್ಲಿ, ನಿಮಗ ಉಪಯೋಗ ಆಗ್ತದಂದ್ರ ಆತು’ ಎಂದರು ಅವರು.

ಆ ರೆಕಾರ್ಡಿಂಗಿನ ಒಂದು ತುಣುಕು ಹೀಗಿದೆ.

‘ದಿನಾ ಕುಡೀತೀರೇನ್ರಿ?’
‘ಹೌದ್ರಿ.’
‘ಮನ್ಯಾಗ ಜಗಳ ಆಗೂದಿಲ್ಲೇನ್ರಿ?’
‘ಆಗ್ತದ್ರಿ.’
‘ಬಿಡಬೇಕಂತ ಅನಸೂದಿಲ್ಲೇನ್ರಿ?’
‘ಅನಸ್ತದ್ರಿ.’
‘ಮತ್ಯಾಕ ಕುಡೀತೀರಿ?’

ಅಲ್ಲಿ ಅವರು ಸುಮ್ಮನಾದರು. ಆ ಮೌನ ತುಂಬಿಸಲು ನಾನು ಲಿವರ್ ಕೆಡುವ ಬಗ್ಗೆ ನಾಲ್ಕು ನಿಮಿಷ ಮಾತಾಡಿದ್ದೇನೆ. ಇಪ್ಪತ್ತು ನಿಮಿಷದಲ್ಲಿ 41 ಪ್ರಶ್ನೆ, 3 ರಿಫ್ಲೆಕ್ಷನ್. ಒಂಬತ್ತು ವರ್ಷದಿಂದ ನಾನು ಜನರ ಮಾತು ಕೇಳಿಸಿಕೊಳ್ಳುವ ಮನುಷ್ಯ ಎಂದುಕೊಂಡಿದ್ದೆ. ಹಾಳೆಯ ಮೇಲಿನ ಆ ಎರಡು ಅಂಕಿ ನೋಡಿ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಅದೃಷ್ಟಕ್ಕೆ ಮೊದಲ ಮೂರು ರೆಕಾರ್ಡಿಂಗ್ ಕೇಳಿದ ಸೂಪರ್‌ವೈಸರ್ ಮೇಡಂ ನಮ್ಮ ಕಡೆಯ ಮಾತು ಬಲ್ಲವರು. ಮೂರು ಪುಟ ಬರೆದು ಕಳಿಸಿ, ಆಮೇಲೆ ನಲವತ್ತು ನಿಮಿಷ ಫೋನಿನಲ್ಲಿ ಮಾತಾಡಿದರು. ಬೈಯಲಿಲ್ಲ, ಹೊಗಳಲೂ ಇಲ್ಲ. ‘ಹದಿಮೂರನೇ ನಿಮಿಷಕ್ಕೆ ಹೋಗ್ರಿ. “ಅವತ್ತ ಸಿಟ್ಟ ಬಂತೇನ್ರಿ?” ಅಂದೀರಿ. ಅದರಾಗಿನ “ಏನ್ರಿ” ತಗದು ಅನ್ನಿ ನೋಡೋಣ’ ಎಂದರು.

‘ಅವತ್ತ ಸಿಟ್ಟ ಬಂತು’ ಎಂದೆ.

‘ಈಗ ಸುಮ್ಮನಿರ್ರಿ’ ಎಂದರು.

ಅಷ್ಟೇ. ನನ್ನ 36,000 ರೂಪಾಯಿ ವಸೂಲಾದದ್ದು ಆ ಒಂದು ನಿಮಿಷದಲ್ಲಿ. ವಿಡಿಯೊದಲ್ಲಿ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದದ್ದು ವಾಕ್ಯದ ಕೊನೆಗೆ ದನಿ ಇಳಿಸಬೇಕು ಎಂದು. ನಾನು ದನಿ ಇಳಿಸಿ ಇಳಿಸಿ ಪ್ರಶ್ನೆಯನ್ನೇ ಕೇಳುತ್ತಿದ್ದೆ! ಕನ್ನಡದಲ್ಲಿ ಪ್ರಶ್ನೆ ಕೂತಿರುವುದು ದನಿಯಲ್ಲಿ ಮಾತ್ರವಲ್ಲ, ಮಾತಿನ ಬಾಲದಲ್ಲಿ. ಮೈಸೂರು ಕಡೆಯವರ ‘ಬೇಜಾರಾಯ್ತಾ’ದೊಳಗಿನ ‘ಆ’, ನಮ್ಮ ‘ಬ್ಯಾಸರಾತೇನ್ರಿ’ಯೊಳಗಿನ ‘ಏನ್ರಿ’. ಆ ಬಾಲ ಇದ್ದರೆ ಎದುರಿನವರು ‘ಹೌದು’, ‘ಇಲ್ಲ’ ಎಂದು ನಿಲ್ಲುತ್ತಾರೆ. ಬಾಲ ಕಿತ್ತು ‘ಬ್ಯಾಸರಾತು’ ಎಂದು ಸುಮ್ಮನೆ ಕೂತರೆ ಅವರು ಮುಂದಿನದನ್ನು ತಾವೇ ಹೇಳುತ್ತಾರೆ. ಕೊನೆಗೆ ‘ಹೌದಲ್ರಿ?’ ಎಂದು ಅಂಟಿಸುವುದೂ ಅಷ್ಟೇ ಕೆಟ್ಟದ್ದು ಎಂದು ಎರಡನೇ ಸಲ ಹೇಳಿದರು. ಅದು ನನ್ನ ಮಾತಿಗೆ ಅವರ ಸಹಿ ಹಾಕಿಸಿಕೊಂಡಂತೆ. ‘ಯಾಕ’ ಎಂಬ ಪದವನ್ನಂತೂ ಒಂದು ತಿಂಗಳು ಪೂರ್ತಿ ಬಿಡಿಸಿದರು. ನಮ್ಮ ಕಡೆ ‘ಯಾಕ ಕುಡೀತೀರಿ’ ಎಂದರೆ ಕಾರಣ ಕೇಳಿದಂತಲ್ಲ, ತಪ್ಪು ಹೊರಿಸಿದಂತೆ.

ಅಲ್ಲಿಂದ ಬುಧವಾರ ರಾತ್ರಿ ನನ್ನ ಪಾಲಿಗೆ ಬೇರೆಯೇ ಆಯಿತು. ಮಗ ಮಲಗಿದ ಮೇಲೆ ಅಡುಗೆಮನೆಯ ಮೇಜು ಒರೆಸಿ, ಫ್ಯಾನ್ ಆರಿಸಿ, ಒಂದು ಲೋಟ ಚಹಾ ಇಟ್ಟುಕೊಂಡು ಕೂರುತ್ತೇನೆ. ಇಯರ್‌ಫೋನ್ ಹಾಕಿಕೊಳ್ಳಲೇಬೇಕು, ರೋಗಿಯ ದನಿ ಮನೆಯವರ ಕಿವಿಗೂ ಬೀಳಬಾರದು. ಮಗನ ಹಳೆಯ ಗಣಿತದ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಿವೆ. ಎಡಗಡೆ ‘ಪ್ರ’, ಬಲಗಡೆ ‘ರಿ’. ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹೊಡೆಯುವುದು, ಸಂತೆಯಲ್ಲಿ ಚೀಲ ಎಣಿಸಿದ ಹಾಗೆ. ಫೋನನ್ನು ಮಡಿಸಿದ ಕರ್ಚೀಫಿನ ಮೇಲಿಟ್ಟು ರೆಕಾರ್ಡ್ ಮಾಡಿದರೆ ಮೇಜಿನ ಸದ್ದು ಬರುವುದಿಲ್ಲ ಎಂಬುದನ್ನೂ ಈ ರಾತ್ರಿಗಳೇ ಕಲಿಸಿದವು. ಕಳಿಸುವ ರೆಕಾರ್ಡಿಂಗ್ ಆರೇ ಆದರೂ, ಒಪ್ಪಿದವರ ಮಾತು ಇದ್ದ ವಾರವೆಲ್ಲ ನಾನು ಎಣಿಸಿದೆ, ಎಣಿಸಿ ಅಳಿಸಿದೆ. ಚಹಾ ಎಷ್ಟೋ ಸಲ ಅಲ್ಲೇ ಆರಿಹೋಗಿದೆ.

ಮೂರನೇ ರೆಕಾರ್ಡಿಂಗಿನ ಒಂದು ಜಾಗ ನಾನು ಮರೆಯುವುದಿಲ್ಲ. ಬೇರೊಬ್ಬರು, ಅವರದೂ ಕುಡಿತವೇ. ‘ಮಗಳು ಮಾತಾಡ್ಸೂದು ಬಿಟ್ಟಾಳ್ರಿ’ ಎಂದರು. ನನ್ನ ನಾಲಿಗೆಯ ತುದಿಗೆ ಬಂದದ್ದು ‘ಎಷ್ಟ್ ದಿನಾ ಆತ್ರಿ?’ ಎಂಬ ಪ್ರಶ್ನೆ. ನುಂಗಿಕೊಂಡೆ. ‘ಆಕಿ ಮಾತಾಡ್ಸದ ಇದ್ದದ್ದು ಎಲ್ಲಾದಕ್ಕಿಂತ ಹೆಚ್ಚು ಚುಚ್ಚೇತಿ’ ಎಂದು ಹೇಳಿ ನಿಲ್ಲಿಸಿದೆ. ರೆಕಾರ್ಡಿಂಗಿನಲ್ಲಿ ಒಂಬತ್ತು ಸೆಕೆಂಡ್ ಏನೂ ಇಲ್ಲ. ಹಿಂದೆ ಔಷಧಿ ಕೌಂಟರಿನಲ್ಲಿ ಯಾರೋ ಚೀಟಿ ನಂಬರ್ ಕೂಗುವುದು ಕೇಳುತ್ತದೆ. ಆಮೇಲೆ ಅವರ ದನಿ: ‘ಸೆರೆ ಬಿಟ್ರ ಆಕಿ ಮನಿಗೆ ಬರ್ತಾಳ್ರಿ.’ ಬಿಡಿ ಎಂದು ನಾನು ಹೇಳಿರಲಿಲ್ಲ. ಬಿಡುವ ಮಾತನ್ನು ಅವರೇ ಆಡಿದ್ದರು. ಚೇಂಜ್ ಟಾಕ್ ಎಂದರೆ ಇದೇ ಎಂದು ಪಾಠದಲ್ಲಿ ನಾಲ್ಕು ಸಲ ಓದಿದ್ದೆ. ಕಿವಿಯಾರೆ ಕೇಳಿದ್ದು ಅವತ್ತು.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಬಗ್ಗೆ ಮೊದಲು ಬರೆದದ್ದು 1983ರಲ್ಲಿ, ಕುಡಿತದ ಸಮಸ್ಯೆ ಇರುವವರೊಡನೆ ಮಾತಾಡುವ ಬಗೆಯನ್ನು ಕುರಿತು. ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಅದನ್ನು ಬೆಳೆಸಿದರು. ಅದನ್ನು ಕಲಿಸುವುದು ಹೇಗೆ ಎಂಬುದನ್ನೂ ಮಿಲ್ಲರ್ ತಂಡ ಪರೀಕ್ಷಿಸಿ ನೋಡಿದೆ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 140 ಮಂದಿ ವೃತ್ತಿಪರರನ್ನು ಗುಂಪು ಮಾಡಿ, ಕೆಲವರಿಗೆ ಬರೀ ಕಾರ್ಯಾಗಾರ, ಕೆಲವರಿಗೆ ಅದರ ಜೊತೆ ರೆಕಾರ್ಡಿಂಗ್ ಕೇಳಿ ಕೊಡುವ ಫೀಡ್‌ಬ್ಯಾಕ್, ಕೆಲವರಿಗೆ ಫೋನಿನಲ್ಲಿ ತಿದ್ದುವ ಕೋಚಿಂಗ್, ಕೆಲವರಿಗೆ ಎರಡೂ ಕೊಟ್ಟರು. ಫೀಡ್‌ಬ್ಯಾಕ್ ಅಥವಾ ಕೋಚಿಂಗ್ ಸಿಕ್ಕವರು ಬರೀ ಕಾರ್ಯಾಗಾರದವರಿಗಿಂತ ಮುಂದೆ ಹೋದರು. ಎರಡೂ ಸಿಕ್ಕವರ ಬಳಿ ಮಾತ್ರ ರೋಗಿಗಳ ಮಾತು ಕೂಡ ಬದಲಾಯಿತು. ಕ್ಷೇತ್ರದಲ್ಲಿ ಇದು ಗೊತ್ತಿರುವ ಸಂಗತಿ. ಹಾಗಿದ್ದೂ ನಮಗೆ ಸಿಗುವುದು ಒಂದು ದಿನದ ಕಾರ್ಯಾಗಾರ, ಮಧ್ಯಾಹ್ನದ ಊಟ, ಒಂದು ಫೋಲ್ಡರ್. ನಾನು ಅಂಥ ಹನ್ನೊಂದು ಸರ್ಟಿಫಿಕೇಟ್ ಇಟ್ಟುಕೊಂಡಿದ್ದೇನೆ.

ಮೂರನೇ ರೆಕಾರ್ಡಿಂಗಿಗೇ ಕೋರ್ಸು ಮುಗಿದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ನಾಲ್ಕನೇ ಮತ್ತು ಐದನೇ ರೆಕಾರ್ಡಿಂಗನ್ನು ಹೇಳದೆ ಕೇಳದೆ ಬೇರೊಬ್ಬರಿಗೆ ವಹಿಸಿದರು. ಅವರಿಗೆ ಕನ್ನಡ ಬರುವುದಿಲ್ಲ. ಇಪ್ಪತ್ತು ನಿಮಿಷವನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿ ಬರೆದು ಕಳಿಸಿ ಎಂದರು. ಎರಡು ರಾತ್ರಿ ಕೂತು ಬರೆದೆ. ಒಬ್ಬ ತಾಯಿ ಸೊಸೆಯ ವಿಷಯ ಹೇಳುತ್ತ ‘ಎದ್ಯಾಗ ಉರೀತೈತ್ರಿ’ ಎಂದಿದ್ದರು. ಅದನ್ನು ಇಂಗ್ಲಿಷಿನಲ್ಲಿ ಓದಿದ ಅವರು, ಆ್ಯಸಿಡಿಟಿಯ ಬಗ್ಗೆ ವಿಚಾರಿಸಿ ವೈದ್ಯರ ಬಳಿ ಕಳಿಸಲಿಲ್ಲವೇಕೆ ಎಂದು ಕೇಳಿದರು. ನಾನು ‘ಉರಿಯೊಳಗ ಒಬ್ಬರ ಕುಂತೀರಿ’ ಎಂದದ್ದು ಲೆಕ್ಕಕ್ಕೇ ಬರಲಿಲ್ಲ. ಬಾಲ ಕಿತ್ತ ಮಾತು, ಬಾಲ ಇರುವ ಮಾತು, ಇವೆರಡರ ವ್ಯತ್ಯಾಸ ನನ್ನ ತರ್ಜುಮೆಯಲ್ಲಿ ಉಳಿಯಲೂ ಇಲ್ಲ. ಎದೆ ಉರಿ, ಕೈಕಾಲು ಜೋಮು, ತಲೆ ಭಾರ, ಸಂಕಟ: ನಮ್ಮ ಜನ ಮನಸ್ಸಿನ ನೋವು ಹೇಳಿಕೊಳ್ಳುವುದೇ ಮೈಯ ಮಾತಿನಲ್ಲಿ. ಅದನ್ನು ಕೇಳಿಸಿಕೊಳ್ಳಲಾಗದವರು ನನ್ನನ್ನು ತಿದ್ದುವುದು ಹೇಗೆ?

ಮೂರು ಮೇಲ್ ಬರೆದ ಮೇಲೆ ಆರನೆಯದಕ್ಕೆ ಮತ್ತೆ ಅದೇ ಮೇಡಂ ಸಿಕ್ಕರು. ವ್ಯರ್ಥವಾದ ಆ ಎರಡು ರೆಕಾರ್ಡಿಂಗಿಗೆ ಬದಲಿ ಕೊಡಲಿಲ್ಲ, ಹಣವನ್ನೂ ಹಿಂತಿರುಗಿಸಲಿಲ್ಲ. ಹೆಚ್ಚುವರಿ ರೆಕಾರ್ಡಿಂಗ್ ಬೇಕಿದ್ದರೆ ಒಂದಕ್ಕೆ 3,500 ಎಂದರು. ನನ್ನ ಕೈಯಲ್ಲಿ ಆಗುವುದಿಲ್ಲ. ನಾನು ಎರಡು ನಕ್ಷತ್ರ ಕಡಿಮೆ ಮಾಡಿರುವುದು ಇದಕ್ಕೇ.

ಸೇಫ್ಟಿ ಪ್ಲಾನ್ ಭಾಗ ಚಿಕ್ಕದಾದರೂ ಒಳ್ಳೆಯದಿದೆ. ಸ್ಟ್ಯಾನ್ಲಿ ಮತ್ತು ಬ್ರೌನ್ ರೂಪಿಸಿದ ಆರು ಹೆಜ್ಜೆಯ ಹಾಳೆ ಅದು: ಕೆಟ್ಟ ಗಳಿಗೆ ಬರುವ ಮುನ್ಸೂಚನೆ, ತಾನೇ ಮಾಡಿಕೊಳ್ಳಬಹುದಾದದ್ದು, ಹೋಗಿ ಕೂರಬಹುದಾದ ಜಾಗ ಮತ್ತು ಜನ, ಸಹಾಯ ಕೇಳಬಹುದಾದವರು, ವೈದ್ಯರು ಮತ್ತು ಸಹಾಯವಾಣಿ, ಮನೆಯನ್ನು ಸುರಕ್ಷಿತ ಮಾಡುವುದು. ಐದನೇ ಹೆಜ್ಜೆಯಲ್ಲಿ ನಾನು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆಸುತ್ತೇನೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಬೆಳೆಗೆ ಹೊಡೆಯುವ ಔಷಧಿ ಮನೆಯಲ್ಲೇ ಇರುವ ನಮ್ಮ ಹಳ್ಳಿಗಳಲ್ಲಿ ಆರನೇ ಹೆಜ್ಜೆಯ ಮಾತನ್ನೇ ಮೊದಲು ತೆಗೆಯಬೇಕಾಗುತ್ತದೆ. ಡಬ್ಬಿ ಯಾರ ಮನೆಯಲ್ಲಿರಬೇಕು, ಬೀಗದ ಕೈ ಯಾರ ಹತ್ತಿರ ಎಂಬುದನ್ನು ಮನೆಯವರ ಎದುರಿಗೇ ತೀರ್ಮಾನ ಮಾಡಿಸುತ್ತೇನೆ. ಹಾಳೆ ಓದಲು ಬಾರದವರಿಗೆ ಏನು ಮಾಡಬೇಕೆಂಬುದು ಕೋರ್ಸಿನಲ್ಲಿ ಇಲ್ಲ. ಇರಬೇಕಿತ್ತು.

ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಒಂದು ಮಾತು: ಆರ್‌ಸಿಐ, ಅಂದರೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ನವೀಕರಣಕ್ಕೆ ಬೇಕಾದ ಸಿಆರ್‌ಇ (ಮುಂದುವರಿದ ಕಲಿಕೆಯ) ಅಂಕ ಈ ಕೋರ್ಸಿನಿಂದ ಬರುವುದಿಲ್ಲ. ನನಗೆ ಅದು ಬೇಕಿರಲಿಲ್ಲ.

ಸೇರುವುದಾದರೆ ಹಣ ಕಟ್ಟುವ ಮುನ್ನ ಒಂದೇ ಪ್ರಶ್ನೆ ಕೇಳಿ, ಬರಹದಲ್ಲಿ ಉತ್ತರ ತೆಗೆದುಕೊಳ್ಳಿ: ನನ್ನ ರೆಕಾರ್ಡಿಂಗ್ ಕೇಳುವವರಿಗೆ ನನ್ನ ರೋಗಿಗಳ ಮಾತು ಬರುತ್ತದೆಯೇ? ಬರುತ್ತದೆ ಎಂದಾದರೆ ಆ ವಿಡಿಯೊಗಳನ್ನೆಲ್ಲ ಸಹಿಸಿಕೊಳ್ಳಬಹುದು. ಬರೀ ಆರು ರೆಕಾರ್ಡಿಂಗಿನ ಸೂಪರ್‌ವಿಷನ್ ಬೇರೆಯಾಗಿ ಮಾರಿದರೆ ನಾನು ನಾಳೆಯೇ ಮತ್ತೆ ಸೇರುತ್ತೇನೆ.

ಆರನೆಯ ರೆಕಾರ್ಡಿಂಗಿನಲ್ಲಿ 14 ಪ್ರಶ್ನೆ, 17 ರಿಫ್ಲೆಕ್ಷನ್. ಒಂದಕ್ಕೆ ಎರಡು ಇನ್ನೂ ಆಗಿಲ್ಲ. ಹದಿನಾರನೇ ನಿಮಿಷದಲ್ಲಿ ಎರಡು ಸಲ ‘ಹೌದಲ್ರಿ?’ ನುಸುಳಿದೆ, ಮೇಡಂ ಅಡಿಗೆರೆ ಎಳೆದಿದ್ದಾರೆ. ಈಗ ನಾವು ಜಿಲ್ಲೆಯ ನಾಲ್ವರು, ಇಬ್ಬರು ಪಿಎಸ್‌ಡಬ್ಲ್ಯು, ಒಬ್ಬ ಕೌನ್ಸೆಲರ್, ಒಬ್ಬರು ಸಿಸ್ಟರ್, ತಿಂಗಳ ಮೊದಲ ಶನಿವಾರ ಸೇರುತ್ತೇವೆ. ರೋಗಿಗೆ ಮೊದಲೇ ತಿಳಿಸಿ, ಒಪ್ಪಿದವರದನ್ನು ಮಾತ್ರ ಒಬ್ಬರದನ್ನೊಬ್ಬರು ಕೇಳುತ್ತೇವೆ. ಹೋದ ಸಲ ಒಂದು ಗಂಟೆ ವಾದ ನಡೆದದ್ದು ‘ನೋಡೂಣ್ರಿ’ ಎಂಬ ಮಾತಿನ ಮೇಲೆ. ಅದು ಬಿಡುವ ಮನಸ್ಸೋ, ಮರ್ಯಾದೆಗೆ ಹೇಳುವ ‘ಇಲ್ಲ’ವೋ? ಅದರ ಮುಂದಿನ ಮಾತು ಬರುವ ತನಕ ಗೀಟು ಎಳೆಯಬಾರದು ಎಂದು ಕೊನೆಗೆ ಒಪ್ಪಿಕೊಂಡೆವು. ಈ ಶನಿವಾರ ನನ್ನ ಏಳನೆಯದು. ಎಣಿಸುವವರು ಸಿಸ್ಟರ್.